ಲಜಾರಸ್ ಬೇಡ ಅಂದ ಮೂರು ಸಲ

ಕಳೆದ ತಿಂಗಳು ನಮ್ಮಲ್ಲಿಗೆ ಹೊಸ ಹುಡುಗನೊಬ್ಬ ಸೇರಿದ. ನಮ್ಮದು ಶಿವಮೊಗ್ಗದಲ್ಲಿರುವ ಸಣ್ಣ ಸಾಫ್ಟ್‌ವೇರ್ ಅಂಗಡಿ. ಕಂಪನಿ ಅಂದರೆ ಜಾಸ್ತಿಯಾಗುತ್ತದೆ. ಪತ್ತಿನ ಸಹಕಾರ ಸಂಘಗಳಿಗೆ ಲೆಕ್ಕದ ಪ್ರೋಗ್ರಾಂ ಬರೆದುಕೊಡುತ್ತೇವೆ. ಠೇವಣಿ, ಸಾಲ, ಪಾಸ್‌ಬುಕ್, ಡೇ ಬುಕ್, ಅಷ್ಟೇ. ಎಲ್ಲ ಡೆಲ್ಫಿ 7ರಲ್ಲಿದೆ, ಪ್ಯಾಸ್ಕಲ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವ ಸಾಧನ ಅದು. ಹೌದು, 2002ರ ಡೆಲ್ಫಿ. ಹುಡುಗ ಎರಡು ದಿನ ಸುಮ್ಮನೆ ನೋಡಿದ. ಮೂರನೇ ದಿನ ಟೀ ಕುಡಿಯುವಾಗ ಕೇಳಿದ: "ಸರ್, ಲಜಾರಸ್ ಅಂತ ಇದೆಯಲ್ವಾ, ಡೆಲ್ಫಿ ಥರಾನೇ, ಫ್ರೀ. ನಾವ್ಯಾಕೆ ಅದನ್ನ ಬಳಸಲ್ಲ?"

ನನ್ನ ಹತ್ತಿರ ಉತ್ತರ ರೆಡಿ ಇತ್ತು. ಅದರ ಇಎಕ್ಸ್‌ಇ ಫೈಲು ತುಂಬಾ ದಪ್ಪ ಬರುತ್ತದೆ ಕಣಪ್ಪ ಅಂದೆ. ಅವನು ಮರುದಿನ ಬಂದು, "ಸರ್, ಅದು ತಪ್ಪು ಹುಡುಕೋಕೆ ಸೇರಿಸೋ ಡೀಬಗ್ ಮಾಹಿತಿ. ಅದನ್ನ ತೆಗೆದರೆ ಎರಡು ಎಂಬಿ ಆಸುಪಾಸಿಗೆ ಇಳಿಯುತ್ತೆ" ಅಂದ. ಸರಿ, ಕಿಟಕಿಗಳೆಲ್ಲ ಚೆಲ್ಲಾಪಿಲ್ಲಿ ಅಂದೆ. "ಈಗ ಎಲ್ಲ ಒಂದೇ ಕಿಟಕಿಗೆ ಅಂಟಿಸಬಹುದು ಸರ್." ರಿಪೋರ್ಟ್ ಸರಿಯಿಲ್ಲ ಅಂದೆ. ಯಾವ ರಿಪೋರ್ಟ್ ಅಂತ ಕೇಳಿದ. ಮಧ್ಯಾಹ್ನದ ಊಟದ ಹೊತ್ತಿಗೆ ನನ್ನ ಜೇಬು ಖಾಲಿ. ಹುಡುಗ ವಾದಕ್ಕೆ ಬಂದವನಲ್ಲ, ನಿಜವಾಗಿಯೂ ತಿಳಿಯಲು ಕೇಳಿದ್ದ. ಅದೇ ಕಷ್ಟವಾಯಿತು. ಅಂದಿನಿಂದ ಇದು ತಲೆಯಲ್ಲಿ ಕೊರೆಯುತ್ತಿದೆ. ಯಾಕೆಂದರೆ ನಾನು ಲಜಾರಸ್ ಗೊತ್ತಿಲ್ಲದೆ ಬೇಡ ಅಂದವನಲ್ಲ. ಮೂರು ಸಲ ಇನ್‌ಸ್ಟಾಲ್ ಮಾಡಿದ್ದೇನೆ, ಮೂರು ಸಲ ತೆಗೆದುಹಾಕಿದ್ದೇನೆ. ಪ್ರತಿ ಸಲ ಕಾರಣ ಬೇರೆ. ಹಿಂದಿನ ಸಲ ಹೇಳಿದ್ದ ಕಾರಣ ಮುಂದಿನ ಸಲದ ಹೊತ್ತಿಗೆ ಸರಿಹೋಗಿರುತ್ತಿತ್ತು. ನಾನು ಹೊಸದೊಂದು ಹುಡುಕಿಕೊಳ್ಳುತ್ತಿದ್ದೆ.

ಮೊದಲ ಸಲ

2008. ಡೆಲ್ಫಿ ಮಾಡಿದ ಬೋರ್ಲ್ಯಾಂಡ್ ಕಂಪನಿ ಅದನ್ನು ಎಂಬಾರ್ಕಡೆರೋ ಅನ್ನುವ ಕಂಪನಿಯ ಕೈಗೆ ಮಾರಿದ ವರ್ಷ. ನಮ್ಮಂಥವರಿಗೆಲ್ಲ ಅವತ್ತು ದಿಗಿಲು. ಮನೆ ಮಾಲೀಕ ಬದಲಾದರೆ ಬಾಡಿಗೆದಾರನಿಗೆ ಆಗುತ್ತದಲ್ಲ, ಹಾಗೆ. ಆ ದಿಗಿಲಿನಲ್ಲೇ ಲಜಾರಸ್ ಇಳಿಸಿಕೊಂಡೆ. 1999ರಲ್ಲಿ ಶುರುವಾದ ಕೆಲಸ ಅದು. ಅದಕ್ಕೂ ಮುಂಚೆ ಮೆಗಿಡೋ ಅಂತ ಒಂದು ಪ್ರಯತ್ನ ನಡೆದು ಸತ್ತುಹೋಗಿತ್ತು. ಸತ್ತದ್ದು ಮತ್ತೆ ಎದ್ದು ಬಂತು ಅಂತ ಬೈಬಲ್ಲಿನ ಲಾಜರನ ಹೆಸರಿಟ್ಟರು. ಒಳಗಿನ ಕಂಪೈಲರ್ (ಬರೆದ ಕೋಡನ್ನು ಓಡುವ ಪ್ರೋಗ್ರಾಂ ಮಾಡುವಂಥದ್ದು) ಫ್ರೀ ಪ್ಯಾಸ್ಕಲ್ ಇನ್ನೂ ಹಳೆಯದು, ಜರ್ಮನಿಯ ಫ್ಲೋರಿಯಾನ್ ಕ್ಲೆಂಪ್ಫ್ಲ್ 1993ರಲ್ಲಿ ಬರೆಯತೊಡಗಿದ್ದು. ಆದರೆ ನನ್ನ ಕಣ್ಣಿಗೆ ಬಿದ್ದದ್ದು ಇದ್ಯಾವುದೂ ಅಲ್ಲ. ಬಿದ್ದದ್ದು ಆವೃತ್ತಿಯ ಸಂಖ್ಯೆ. ಸೊನ್ನೆ ಪಾಯಿಂಟ್ ಒಂಬತ್ತು ಚಿಲ್ಲರೆ. ಒಂಬತ್ತು ವರ್ಷ ಕಳೆದರೂ ಇವರೇ ಇದನ್ನು ಒಂದು ಅಂತ ಕರೆದುಕೊಂಡಿಲ್ಲ, ನಾನ್ಯಾಕೆ ನಂಬಲಿ ಅನ್ನಿಸಿತು. (1.0 ಬಂದದ್ದು 2012ರ ಆಗಸ್ಟ್‌ನಲ್ಲಿ. ಅಲ್ಲಿಯವರೆಗೆ ಅವರು ಸಂಕೋಚದಲ್ಲಿದ್ದರೋ ಪ್ರಾಮಾಣಿಕರಾಗಿದ್ದರೋ. ದುಡ್ಡಿಗೆ ಮಾರುವವರು ಅರ್ಧ ಬೆಂದದ್ದಕ್ಕೂ 5.0 ಅಂತ ಹಣೆಪಟ್ಟಿ ಹಚ್ಚುತ್ತಾರೆ.)

ಖಾಲಿ ಫಾರಂ, ಅಂದರೆ ಏನೂ ಇಲ್ಲದ ಕಿಟಕಿ, ಒಂದನ್ನು ಕಂಪೈಲ್ ಮಾಡಿದೆ. ಫೈಲು ಹತ್ತು ಎಂಬಿ ದಾಟಿತ್ತು. ಡೆಲ್ಫಿ 7ರಲ್ಲಿ ಅದೇ ಖಾಲಿ ಫಾರಂ ನಾಲ್ಕು ನೂರು ಕೆಬಿಯೂ ಆಗುವುದಿಲ್ಲ. ಪಕ್ಕದ ಕುರ್ಚಿಯವರನ್ನು ಕರೆದು ತೋರಿಸಿದೆ, ಇಬ್ಬರೂ ನಕ್ಕೆವು. ಆ ನಗುವಿನಲ್ಲೇ ತೀರ್ಮಾನ ಮುಗಿದಿತ್ತು ಅಂತ ಈಗ ಅನ್ನಿಸುತ್ತದೆ. ಪ್ರಾಜೆಕ್ಟ್ ಆಯ್ಕೆಗಳಲ್ಲಿ ಒಂದು ಗುರುತು ಹಾಕಿದ್ದರೆ ಆ ಹೊಟ್ಟೆ ಕರಗುತ್ತಿತ್ತು. ನಾವು ಹುಡುಕಲಿಲ್ಲ. ಹುಡುಕುವ ಮನಸ್ಸಿರಲಿಲ್ಲ. ನಮ್ಮ ಗಿರಾಕಿಗಳಿಗೆ ಪ್ರೋಗ್ರಾಂ ಹೋಗುತ್ತಿದ್ದದ್ದು ಒಂದು ಜಿಬಿಯ ಪೆನ್‌ಡ್ರೈವ್‌ನಲ್ಲಿ. ಹತ್ತು ಎಂಬಿಯಾದರೂ ಯಾರ ಗಂಟು ಹೋಗುತ್ತಿತ್ತು?

ಎರಡನೇ ದೂರು ಕಿಟಕಿಗಳದ್ದು. ಮೇಲೊಂದು ಪಟ್ಟಿ, ಎಡಕ್ಕೆ ಆಬ್ಜೆಕ್ಟ್ ಇನ್‌ಸ್ಪೆಕ್ಟರ್, ನಡುವೆ ಫಾರಂ, ಸಂದಿಯಲ್ಲಿ ಹಿಂದಿನ ಡೆಸ್ಕ್‌ಟಾಪ್ ಇಣುಕುತ್ತದೆ. ಇದನ್ನು ನಾನು ಎಷ್ಟು ಜನರ ಹತ್ತಿರ ಆಡಿಕೊಂಡಿದ್ದೇನೋ. ಮೊನ್ನೆ ಆ ಹುಡುಗ ನನ್ನ ಪರದೆಯ ಕಡೆ ಬೆರಳು ತೋರಿಸಿದ, ಏನೂ ಮಾತಾಡದೆ. ನನ್ನ ಡೆಲ್ಫಿ 7ರಲ್ಲೂ ಮೇಲೊಂದು ಪಟ್ಟಿ, ಎಡಕ್ಕೆ ಇನ್‌ಸ್ಪೆಕ್ಟರ್, ನಡುವೆ ಫಾರಂ, ಸಂದಿಯಲ್ಲಿ ಡೆಸ್ಕ್‌ಟಾಪಿನ ಜೋಗ ಜಲಪಾತ. ಇಪ್ಪತ್ತು ವರ್ಷದಿಂದ ಅದನ್ನೇ ನೋಡುತ್ತಿದ್ದೇನೆ. ಕಿಟಕಿಗಳೆಲ್ಲ ಒಟ್ಟಿಗೆ ಅಂಟಿಕೊಂಡದ್ದು ಅದರ ನಂತರದ ಡೆಲ್ಫಿಗಳಲ್ಲಿ, ಅವನ್ನು ನಾನು ಬಳಸಿಯೇ ಇಲ್ಲ. ಲಜಾರಸ್ ನಕಲು ಮಾಡಿದ್ದು ನನ್ನ ಡೆಲ್ಫಿಯನ್ನೇ. ನಾನು ಬೈದದ್ದು ಅದಕ್ಕೇ.

ಇದನ್ನು ಯೋಚಿಸಿದಾಗ ಒಂದು ಹೊಳೆಯಿತು. ನಾನು ಜಾವಾಸ್ಕ್ರಿಪ್ಟ್ ಕಲಿತಾಗ ಇಷ್ಟು ಸಿಟ್ಟು ಬಂದಿರಲಿಲ್ಲ. ಅಲ್ಲಿ ಎಲ್ಲ ಹೊಸದು. ವಿದ್ಯಾರ್ಥಿ ಥರ ಕೂತೆ, ತಪ್ಪಿದಾಗ ನನ್ನನ್ನೇ ಬೈದುಕೊಂಡೆ. ಲಜಾರಸ್ ಮುಂದೆ ನಾನು ಮೇಷ್ಟ್ರ ಥರ ಕೂತಿದ್ದೆ. ಎಫ್9 ಒತ್ತಿದರೆ ಓಡುತ್ತದೆ, ಎಫ್12 ಒತ್ತಿದರೆ ಫಾರಂನಿಂದ ಕೋಡಿಗೆ ಹೋಗುತ್ತದೆ, ಕೈಗೆ ಎಲ್ಲ ಗೊತ್ತು. ಅಷ್ಟರಲ್ಲಿ ಒಂದು ಪ್ರಾಪರ್ಟಿ ಇರಬೇಕಾದಲ್ಲಿ ಇಲ್ಲ. ‘ವಿಂಡೋಸ್’ ಯೂನಿಟ್ ಬದಲು ಇನ್ನೇನೋ ಹೆಸರು ಸೇರಿಸು ಅನ್ನುತ್ತದೆ. ಹೊಸ ಊರಿಗೆ ಹೋದರೆ ದಾರಿ ಕೇಳುತ್ತೇವೆ. ನಮ್ಮೂರಲ್ಲೇ ದಾರಿ ತಪ್ಪಿದರೆ ಸಿಟ್ಟು ಬರುತ್ತದೆ. ಅಕ್ಕನ ಮನೆ ಅಡುಗೆಮನೆಯಲ್ಲಿ ಕಾಫಿ ಮಾಡಲು ಹೋದ ಹಾಗೆ. ಅದೇ ಸ್ಟೀಲ್ ಡಬ್ಬಿಗಳು, ಅದೇ ಸಾಲು. ಆದರೆ ಸಕ್ಕರೆ ಇರುವ ಜಾಗದಲ್ಲಿ ಉಪ್ಪು.

ಒಂದು ಕಾಂಪೊನೆಂಟ್, ಅಂದರೆ ಫಾರಂ ಮೇಲೆ ಕೂರಿಸುವ ಸಿದ್ಧ ಬಿಡಿಭಾಗ, ಹಾಕಿದ ರಾತ್ರಿಯನ್ನಂತೂ ಮರೆತಿಲ್ಲ. ಡೆಲ್ಫಿಯಲ್ಲಿ ಹೊಸ ಕಾಂಪೊನೆಂಟ್ ಅಂದರೆ ಒಂದು ಪ್ಯಾಕೇಜ್ ಫೈಲು ಬಂದು ಕೂರುತ್ತದೆ. ಲಜಾರಸ್‌ನಲ್ಲಿ ಅದು ತನ್ನನ್ನು ತಾನೇ ಪೂರ್ತಿ ಕಂಪೈಲ್ ಮಾಡಿಕೊಂಡು ಮತ್ತೆ ಎದ್ದು ಬರುತ್ತದೆ. ಮನೆಗೆ ಒಂದು ಶೆಲ್ಫು ತಂದರೆ ಇಡೀ ಮನೆ ಕೆಡವಿ ಕಟ್ಟಿದಂತೆ. ಈಗ ಒಂದು ನಿಮಿಷದ ಕೆಲಸ. ನನ್ನ ಅಂದಿನ ಯಂತ್ರಕ್ಕೆ ಸುಮಾರು ಹೊತ್ತು ಹಿಡಿಯಿತು. ಕೊನೆಗೆ ಎದ್ದದ್ದು ತೆರೆಯುವಾಗಲೇ ಬಿತ್ತು. ತಪ್ಪು ನಾನು ಹಾಕಿದ ಕಾಂಪೊನೆಂಟಿನದ್ದು. ಹಳೆಯ ಪ್ರತಿಯನ್ನು ಅದು ‘ಓಲ್ಡ್’ ಅಂತ ಹೆಸರಿಟ್ಟು ಪಕ್ಕದಲ್ಲೇ ಉಳಿಸಿಕೊಂಡಿರುತ್ತದೆ, ಅದನ್ನು ಕ್ಲಿಕ್ ಮಾಡಿದ್ದರೆ ಸಾಕಿತ್ತು. ಗೊತ್ತಿರಲಿಲ್ಲ. ಇಡೀ ಫೋಲ್ಡರನ್ನೇ ಅಳಿಸಿ ಮಲಗಿದೆ.

ಸಿದ್ದಲಿಂಗಮ್ಮ

ಎರಡನೇ ಸಲ, 2013ರಲ್ಲಿ, ಬೇರೆ ದಾರಿಯೇ ಇರಲಿಲ್ಲ. ಡೆಲ್ಫಿ 7ಕ್ಕೆ ಯೂನಿಕೋಡ್, ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಟ್ಟ ವ್ಯವಸ್ಥೆ, ಗೊತ್ತಿಲ್ಲ. ನಾವು ಕನ್ನಡವನ್ನು ನುಡಿ ಫಾಂಟಿನಲ್ಲಿ ತೋರಿಸುತ್ತಿದ್ದೆವು. ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಬೈಟುಗಳೇ, ಮೇಲೆ ಕನ್ನಡದ ಅಂಗಿ. ಅದು ಚೆನ್ನಾಗಿಯೇ ನಡೆದಿತ್ತು. ಆಮೇಲೆ ಸಂಘಗಳಿಗೆ ವಿಂಡೋಸ್ 7 ಬಂತು, ಅದರ ಜೊತೆಗೇ ಬರುವ ಕನ್ನಡ ಕೀಬೋರ್ಡ್‌ನಲ್ಲಿ ಟೈಪ್ ಮಾಡಲು ಶುರು ಮಾಡಿದರು. ನಮ್ಮ ಫಾರಂನಲ್ಲಿ ಬಿದ್ದದ್ದು ಪ್ರಶ್ನೆ ಚಿಹ್ನೆಗಳ ಸಾಲು. ಡೆಲ್ಫಿಗೆ ಯೂನಿಕೋಡ್ ಬಂದದ್ದು 2009ರ ಆವೃತ್ತಿಯಲ್ಲಿ. ಅದರ ಬೆಲೆ ನಮ್ಮಂಥ ಅಂಗಡಿಗೆ ಎಟುಕುವಂಥದ್ದಲ್ಲ. ಲಜಾರಸ್ ಅಷ್ಟು ಹೊತ್ತಿಗಾಗಲೇ ಯುಟಿಎಫ್-8, ಯೂನಿಕೋಡನ್ನು ಬೈಟುಗಳಲ್ಲಿ ಇಡುವ ಒಂದು ವಿಧಾನ. ಸದಸ್ಯರ ಪಟ್ಟಿಯ ಭಾಗವನ್ನಷ್ಟೇ ಅದರಲ್ಲಿ ಬರೆಯೋಣ ಅಂದುಕೊಂಡೆ. ಡೆಲ್ಫಿ ಪ್ರಾಜೆಕ್ಟನ್ನು ಪರಿವರ್ತಿಸುವ ಸಾಧನ ಮೆನುವಿನಲ್ಲೇ ಇದೆ. ಫಾರಂ ಫೈಲು ಬದಲಾಯಿತು, ಕೋಡ್ ಬದಲಾಯಿತು, ಬಾಕಿ ಕೈಯಿಂದ ತಿದ್ದಿದೆ. ಪರದೆ ಮೇಲೆ ಯೂನಿಕೋಡ್ ಕನ್ನಡ ಮೂಡಿದಾಗ ಒಂದು ಕ್ಷಣ ಕೈ ಕೀಬೋರ್ಡಿನಿಂದ ಎತ್ತಿ ಸುಮ್ಮನೆ ನೋಡಿದೆ.

ಸಂಘಕ್ಕೆ ಕೊಟ್ಟು ಒಂದು ವಾರಕ್ಕೆ ಕಾರ್ಯದರ್ಶಿಯವರ ಫೋನ್ ಬಂತು. "ಏನ್ರೀ, ನಮ್ಮ ಸಿದ್ದಲಿಂಗಮ್ಮನ ಹೆಸರು ಅರ್ಧ ಆಗಿದೆಯಲ್ರೀ. ಆಯಮ್ಮ ಕೌಂಟರ್ ಮುಂದೆ ನಿಂತು, ಇದು ನನ್ನ ಪಾಸ್‌ಬುಕ್ಕೇ ಅಲ್ಲ ಅಂತಿದಾಳೆ." ಹೋಗಿ ನೋಡಿದೆ. ಪಾಸ್‌ಬುಕ್ಕಿನಲ್ಲಿ ‘ಸಿದ್ದಲಿಂಗಮ’ ಅಂತ ಇತ್ತು. ಕೊನೆಯ ಒತ್ತು ಹೋಗಿತ್ತು, ಅಷ್ಟೇ. ಆದರೆ ಆಕೆ ಓದು ಕಲಿತದ್ದೇ ತಡವಾಗಿ, ತನ್ನ ಹೆಸರೊಂದನ್ನು ಗಟ್ಟಿಯಾಗಿ ಕಲಿತವಳು. ಆ ಹೆಸರು ಒಂದು ಒತ್ತು ಕಡಿಮೆಯಾದರೂ ಬೇರೆಯವರದ್ದೇ. ಬೆಂಚಿನ ಮೇಲೆ ಸೆರಗು ಹೊದ್ದು ಕೂತಿದ್ದಳು. ನನ್ನ ಕಡೆ ನೋಡಲೂ ಇಲ್ಲ.

ಏನಾಗಿತ್ತು ಅಂದರೆ, 2003ರಲ್ಲಿ ನಾನೇ ಬರೆದ ಒಂದು ಸಾಲು. ಹೆಸರು ಕಾಲಂನಲ್ಲಿ ಹಿಡಿಸಲಿ ಅಂತ ಮೊದಲ 30 ಅಕ್ಷರ ಮಾತ್ರ ತೆಗೆದುಕೊಳ್ಳುವ ಸಾಲು. ನುಡಿಯಲ್ಲಿ ಅಕ್ಷರದ ಒಂದು ತುಂಡಿಗೆ ಒಂದೋ ಎರಡೋ ಬೈಟು, 30 ಅಂದರೆ ಧಾರಾಳ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು. ಸಿದ್ದಲಿಂಗಮ್ಮ ಅಂದರೆ ಸ, ಗುಡಿಸು, ದ, ಹಲಂತ, ದ, ಲ, ಗುಡಿಸು, ಸೊನ್ನೆ, ಗ, ಮ, ಹಲಂತ, ಮ. ಹನ್ನೆರಡು ಸಂಕೇತ, 36 ಬೈಟು. ಕತ್ತರಿ 30ಕ್ಕೆ ಬಿತ್ತು. ‘ಕನ್ನಡ’ ಅನ್ನುವ ಪದದ ಉದ್ದ ಎಷ್ಟು ಅಂತ ಕೇಳಿ ನೋಡಿ. ಲಜಾರಸ್‌ನ ‘ಲೆಂಗ್ತ್’ 15 ಅನ್ನುತ್ತದೆ. ಹೊಸ ಡೆಲ್ಫಿಯದ್ದು 5 ಅನ್ನುತ್ತದೆ. ಒಂದನೇ ಕ್ಲಾಸಿನ ಮಗು 3 ಅನ್ನುತ್ತದೆ. ಯಾರೂ ಸುಳ್ಳು ಹೇಳುತ್ತಿಲ್ಲ. ಬೈಟಿನ ಬದಲು ಸಂಕೇತ ಎಣಿಸಿ ಕತ್ತರಿಸುವ ಬೇರೆ ಫಂಕ್ಷನ್ ಲಜಾರಸ್‌ನಲ್ಲಿದೆ, ‘ಯುಟಿಎಫ್8ಕಾಪಿ’ ಅಂತ. ದಾಖಲೆಯಲ್ಲಿ ಬರೆದೂ ಇದೆ. ನಾನು ಓದಿರಲಿಲ್ಲ. ಡೆಲ್ಫಿ ಗೊತ್ತಿದ್ದವನು ಲಜಾರಸ್ ದಾಖಲೆಯನ್ನು ಯಾಕೆ ಓದುತ್ತಾನೆ?

ಆದರೆ ಆಫೀಸಿಗೆ ವಾಪಸ್ ಬಂದು ನಾನು ಹೇಳಿದ್ದು ಬೇರೆ. "ಆ ಫ್ರೀ ಸಾಫ್ಟ್‌ವೇರ್ ಕನ್ನಡ ಸರಿಯಾಗಿ ತೋರಿಸಲ್ಲ ಸರ್." ಯಜಮಾನರು ತಲೆಯಾಡಿಸಿದರು. ಆ ಒಂದು ವಾಕ್ಯ ಹತ್ತು ವರ್ಷ ನಮ್ಮ ಆಫೀಸಿನಲ್ಲಿ ಓಡಾಡಿತು. ಹೊಸಬರಿಗೆಲ್ಲ ಅದನ್ನೇ ಹೇಳುತ್ತಿದ್ದರು. ಮೂಲ ಯಾರದು ಅಂತ ಯಾರಿಗೂ ನೆನಪಿರಲಿಲ್ಲ, ನನ್ನನ್ನು ಬಿಟ್ಟು.

ಬಿಟ್ಟಿ ಅನ್ನುವುದು ಆಸೆಯೇ ಅಲ್ಲ

ಹೊರಗಿನವರು ಒಂದು ತಪ್ಪು ತಿಳಿಯುತ್ತಾರೆ. ಮುಕ್ತ ತಂತ್ರಾಂಶ ಬಿಟ್ಟಿ, ಬಡ ದೇಶದವರು ಮುಗಿಬಿದ್ದು ತಗೋಬೇಕು ಅಂತ. ನಮ್ಮಲ್ಲಿ ದುಡ್ಡಿನದ್ದೂ ಬಿಟ್ಟಿಯೇ ಆಗಿತ್ತಲ್ಲ ಸ್ವಾಮಿ. ನಮ್ಮ ಅಂಗಡಿಯಲ್ಲಿ ಒಂದು ಲೈಸೆನ್ಸ್, ನಾಲ್ಕು ಕಂಪ್ಯೂಟರ್. ಇನ್ನು ನಾನೇನೂ ಹೇಳುವುದಿಲ್ಲ. ಕಾಲೇಜುಗಳಲ್ಲಿ ಸಿ ಭಾಷೆ ಕಲಿಸುವ ಬೋರ್ಲ್ಯಾಂಡಿನ ಹಳೆಯ ಟರ್ಬೊ ಸಿ ಇನ್ನೂ ಉಳಿದಿರುವುದೂ ಹೀಗೇ. ಡಾಸ್ ಕಾಲದ ನೀಲಿ ಪರದೆಯನ್ನು ಹೊಸ ವಿಂಡೋಸಿನಲ್ಲಿ ಡಾಸ್‌ಬಾಕ್ಸ್ ಒಳಗೆ ಕೂರಿಸಿ ಓಡಿಸುತ್ತಾರೆ. ಕೋಡ್‌ಬ್ಲಾಕ್ಸ್ ಉಚಿತವಾಗಿ ಸಿಗುತ್ತದೆ, ಜೊತೆಗೆ ಜಿಸಿಸಿ ಕಂಪೈಲರ್. ಒಮ್ಮೆ ಪರಿಚಯದ ಲ್ಯಾಬ್ ಮೇಷ್ಟ್ರೊಬ್ಬರಿಗೆ ಅದನ್ನು ಹಾಕಿಕೊಟ್ಟೆ. ಮಕ್ಕಳು ಲ್ಯಾಬ್ ಪುಸ್ತಕ ನೋಡಿ ಮೊದಲ ಪ್ರೋಗ್ರಾಂ ಟೈಪ್ ಮಾಡಿದರು. ಪರದೆ ಒರೆಸುವ ‘ಕ್ಲಿಯರ್ ಸ್ಕ್ರೀನ್’ ಸಾಲಿಗೆ ಎರರ್. ಪುಸ್ತಕದ ಪ್ರತಿ ಪ್ರೋಗ್ರಾಂನಲ್ಲೂ ಆ ಸಾಲಿದೆ. ಅದು ಸಿ ಭಾಷೆಯದ್ದೇ ಅಲ್ಲ, ಬೋರ್ಲ್ಯಾಂಡ್ ಸೇರಿಸಿದ್ದು. ಮೇಷ್ಟ್ರು ಮೆಲ್ಲಗೆ ಹೇಳಿದರು: "ಪರೀಕ್ಷೆಗೆ ಹೊರಗಿನಿಂದ ಬರೋವ್ರು ಇದನ್ನ ಒಪ್ಪಲ್ಲ ಮಾರಾಯ್ರೆ." ಸಂಜೆಗೆ ನೀಲಿ ಪರದೆ ವಾಪಸ್. ನಾನು ಅವರನ್ನು ನೋಡಿ ಮನಸ್ಸಿನಲ್ಲೇ ನಕ್ಕಿದ್ದೆ. ನನ್ನದನ್ನು ಬಿಟ್ಟು ಎಲ್ಲರದ್ದೂ ಕಾಣುತ್ತದೆ.

ಬಿಟ್ಟಿ ಅನ್ನುವುದು ನಮ್ಮ ಯಜಮಾನರಲ್ಲಿ ಹುಟ್ಟಿಸಿದ್ದು ಆಸೆಯನ್ನಲ್ಲ, ಅನುಮಾನವನ್ನು. "ಅದನ್ನ ಬಳಸಿದ್ರೆ ನಮ್ಮ ಕೋಡ್ ಎಲ್ಲರಿಗೂ ಕೊಡಬೇಕಂತೆ, ಹೌದಾ?" ಅಂತ ಕೇಳಿದರು. ಹಾಗಿಲ್ಲ. ಲಜಾರಸ್ ಅನ್ನುವ ಸಾಧನ ಜಿಪಿಎಲ್ (ಬದಲಿಸಿ ಹಂಚುವವರು ಕೋಡನ್ನೂ ಕೊಡಬೇಕು ಅನ್ನುವ ಲೈಸೆನ್ಸ್) ಅಡಿಯಲ್ಲಿದೆ, ಆದರೆ ನಮ್ಮ ಪ್ರೋಗ್ರಾಂ ಒಳಗೆ ಸೇರಿಕೊಳ್ಳುವ ಲೈಬ್ರರಿಗಳು ಸಡಿಲ ಮಾಡಿದ ಎಲ್‌ಜಿಪಿಎಲ್ ಅಡಿಯಲ್ಲಿವೆ. ನಮ್ಮ ಕೋಡ್ ಮುಚ್ಚಿಟ್ಟುಕೊಂಡು ಮಾರಬಹುದು. ಇದನ್ನು ವಿವರಿಸಿದೆ. ಅವರು ಪೂರ್ತಿ ಕೇಳಿ, "ಮತ್ತೆ ಅವರಿಗೇನು ಲಾಭ?" ಅಂದರು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಲಾಭ ಕಾಣದ ಕಡೆ ಅವರು ಸಾಲವನ್ನೂ ಕೊಡುವುದಿಲ್ಲ, ತಗೊಳ್ಳುವುದೂ ಇಲ್ಲ. ಅಡಿಕೆ ವ್ಯಾಪಾರದ ಮನೆತನ ಅವರದ್ದು.

ಬೈಯಲು ಒಬ್ಬರು

ಮೂರನೇ ಸಲ 2021. ಅಷ್ಟು ಹೊತ್ತಿಗೆ ಲಜಾರಸ್ ನಿಜವಾಗಿ ಬೆಳೆದಿತ್ತು. ನಾನು ದಿನಾ ಜಿಪ್ ಫೈಲು ಬಿಡಿಸುವುದು ಪೀಜಿಪ್‌ನಲ್ಲಿ, ಫೈಲು ನಕಲಿಸುವುದು ಡಬಲ್ ಕಮಾಂಡರ್‌ನಲ್ಲಿ. ಎರಡೂ ಲಜಾರಸ್‌ನಲ್ಲಿ ಬರೆದವು. ಅದು ನನಗೆ ಗೊತ್ತಾದದ್ದು ತುಂಬಾ ತಡವಾಗಿ. "ಅದರಲ್ಲಿ ದೊಡ್ಡದೇನೂ ಯಾರೂ ಬರೆದಿಲ್ಲ" ಅಂತ ಹೇಳುತ್ತಿದ್ದವನ ಟಾಸ್ಕ್‌ಬಾರಿನಲ್ಲೇ ಎರಡು ತೆರೆದಿದ್ದವು. 64 ಬಿಟ್ ಕೂಡ ಅಷ್ಟೇ. ಡೆಲ್ಫಿಗೆ ಅದು ಬಂದದ್ದು 2011ರಲ್ಲಿ, ಫ್ರೀ ಪ್ಯಾಸ್ಕಲ್ ಅದಕ್ಕೂ ಮುಂಚೆಯೇ ಮಾಡಿ ತೋರಿಸಿತ್ತು.

ಈ ಸಲ ನಾನು ಕೊಟ್ಟ ಕಾರಣ ಕೇಳಿ. ಫ್ರೀ ಪ್ಯಾಸ್ಕಲ್‌ನ ಆಗಿನ ಆವೃತ್ತಿಯಲ್ಲಿ ಹೆಸರಿಲ್ಲದ ಮೆಥಡ್‌ಗಳಿಲ್ಲ, ಡೆಲ್ಫಿಯಲ್ಲಿ 2009ರಿಂದಲೂ ಇವೆ ಅಂತ. ಮೀಟಿಂಗಿನಲ್ಲಿ ಇದನ್ನು ಗಂಭೀರವಾಗಿ ಹೇಳಿದೆ. ಡೆಲ್ಫಿ 7ರಲ್ಲಿ ಅವು ಇಲ್ಲವೇ ಇಲ್ಲ! ನಾನು ಜೀವಮಾನದಲ್ಲಿ ಒಂದೂ ಬರೆದಿಲ್ಲ. ಯಾರೂ ಕೇಳಲಿಲ್ಲ.

ಅಸಲು ವಿಷಯ ಮೀಟಿಂಗಿನಲ್ಲಿ ಬರಲೇ ಇಲ್ಲ. ಅದು ಮಾರ್ಚ್ 31. ಸಂಘಗಳ ವರ್ಷದ ಲೆಕ್ಕ ಮುಗಿಯುವ ದಿನ ನಾವು ಯಾರೂ ಮನೆಗೆ ಹೋಗುವುದಿಲ್ಲ. ರಾತ್ರಿ ಹನ್ನೊಂದಕ್ಕೆ ತೀರ್ಥಹಳ್ಳಿಯಿಂದ ಫೋನು, ಹನ್ನೆರಡಕ್ಕೆ ಸಾಗರದಿಂದ. ಬಡ್ಡಿ ತಾಳೆಯಾಗುತ್ತಿಲ್ಲ, ಹನ್ನೆರಡು ಪೈಸೆ ವ್ಯತ್ಯಾಸ. ಅಂಥ ರಾತ್ರಿ ನನ್ನ ಕೈಗೆ ಗೊತ್ತಿರುವ ಯಂತ್ರ ಬೇಕು. ನಮ್ಮ ಎಂಬತ್ತಕ್ಕೂ ಹೆಚ್ಚು ರಿಪೋರ್ಟ್‌ಗಳು ಕ್ವಿಕ್‌ರಿಪೋರ್ಟ್‌ನಲ್ಲಿವೆ. ಲಜಾರಸ್‌ಗೆ ಬಂದರೆ ಅಷ್ಟನ್ನೂ ಅದರ ಲಜ್‌ರಿಪೋರ್ಟ್‌ನಲ್ಲೋ ಇನ್ನೊಂದರಲ್ಲೋ ಹೊಸದಾಗಿ ಬರೆಯಬೇಕು. ಬರೆಯಬಹುದು. ಆದರೆ ಪ್ರತಿಯೊಂದರಲ್ಲೂ ಒಬ್ಬೊಬ್ಬ ಆಡಿಟರ್ ಹೇಳಿ ಮಾಡಿಸಿದ ಒಂದೊಂದು ತಿದ್ದುಪಡಿ ಇದೆ. ಯಾಕೆ ಮಾಡಿದೆವು ಅಂತ ಎಲ್ಲೂ ಬರೆದಿಟ್ಟಿಲ್ಲ. ಇದು ಲಜಾರಸ್‌ನ ದೋಷವೇ? ಅಲ್ಲ. ಆದರೆ ಬೇಡ ಅನ್ನಲು ಇದ್ದ ಒಂದೇ ನಿಜವಾದ ಕಾರಣ ಇದು. ಅದನ್ನೇ ನಾನು ಹೇಳಲಿಲ್ಲ, ಯಾಕೆಂದರೆ ಹೇಳಿದರೆ ತಪ್ಪು ನಮ್ಮದಾಗುತ್ತದೆ.

ಇನ್ನೊಂದಿದೆ, ಹೇಳಲು ನಾಚಿಕೆ. ತೊಂದರೆಯಾದಾಗ ಬೈಯಲು ಒಬ್ಬರು ಬೇಕು. ಡೆಲ್ಫಿಯಲ್ಲಿ ಏನೇ ಕೆಟ್ಟರೂ "ಆ ಕಂಪನಿಯವರು ಹಾಳು ಮಾಡಿದ್ದಾರೆ" ಅಂದರೆ ಗಿರಾಕಿ ಒಪ್ಪುತ್ತಾನೆ. ನಾವು ಆ ಕಂಪನಿಗೆ ಒಂದು ಸಲವೂ ಫೋನ್ ಮಾಡಿಲ್ಲ, ಮಾಡಿದರೆ ಎತ್ತುವವರೂ ಇಲ್ಲ, 2002ರ ಸರಕು. ಆದರೂ ದೂರದಲ್ಲಿ ಒಂದು ಕಂಪನಿ ಇದೆ, ಅದಕ್ಕೊಂದು ಹೆಸರಿದೆ. ಲಜಾರಸ್‌ನಲ್ಲಿ ತಪ್ಪು ಸಿಕ್ಕರೆ ಅದರ ಮೂಲ ಕೋಡ್ ನನ್ನ ಡಿಸ್ಕಿನಲ್ಲೇ ಇರುತ್ತದೆ. ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಿದರೆ ತೆರೆಯುತ್ತದೆ. ನೋಡಬಹುದು, ತಿದ್ದಬಹುದು. ತಿದ್ದಬಹುದು ಅಂದಮೇಲೆ ತಿದ್ದದೇ ಹೋದರೆ ಅದು ನನ್ನ ಸೋಮಾರಿತನ. ಈ ಸ್ವಾತಂತ್ರ್ಯವನ್ನು ಎಲ್ಲರೂ ಹೊಗಳುತ್ತಾರೆ. ಮಾರ್ಚ್ 31ರ ರಾತ್ರಿ ನನಗದು ಬೇಡ.

ಮೂರನೇ ಸಲ ತೆಗೆದುಹಾಕಿದ್ದು ಒಂದು ಶನಿವಾರ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಶಾಸ್ತ್ರೋಕ್ತವಾಗಿ. ಆಮೇಲೆ ಡೆಲ್ಫಿ 7 ತೆರೆದು ಎಫ್9 ಒತ್ತಿದೆ. ಮನೆಗೆ ಬಂದು ಚಪ್ಪಲಿ ಬಿಟ್ಟಂತಾಯಿತು.

ಮೊನ್ನೆ

ಹುಡುಗ ನನ್ನನ್ನು ಒಪ್ಪಿಸಲು ಹೋಗಲಿಲ್ಲ. ಬದಲಿಗೆ ಎರಡು ದಿನ ಕೂತು ಒಂದು ಸಣ್ಣ ಪ್ರೋಗ್ರಾಂ ಬರೆದ. ಹಳೆಯ ಸದಸ್ಯರ ಹೆಸರುಗಳನ್ನು ನುಡಿಯಿಂದ ಯೂನಿಕೋಡಿಗೆ ತರುವಂಥದ್ದು. ಲಜಾರಸ್‌ನಲ್ಲಿ. ಮುಖ್ಯ ಪ್ರೋಗ್ರಾಂ ಮುಟ್ಟಲಿಲ್ಲ, ರಿಪೋರ್ಟ್ ಮುಟ್ಟಲಿಲ್ಲ. ತೋರಿಸಲು ಕರೆದ. ಅವನ ಹಿಂದೆ ನಿಂತೆ. ಕೋಡ್ ನೋಡುತ್ತಿದ್ದಾಗ ಅವನು ಫಾರಂಗೆ ಹೋಗಲು ಮೌಸ್ ಹುಡುಕಿದ. ನನ್ನ ಕೈ ತಾನಾಗಿ ಮುಂದೆ ಹೋಗಿ ಎಫ್12 ಒತ್ತಿತು. ಫಾರಂ ಬಂತು. "ಓ, ಹಿಂಗೂ ಆಗುತ್ತಾ ಸರ್?" ಅಂದ.

ಪರೀಕ್ಷೆಗೆ ಯಾವುದಾದರೂ ಹೆಸರು ಹೇಳಿ ಸರ್ ಅಂದ. ಹೇಳಿದೆ. ಅವನು ಟೈಪ್ ಮಾಡಿ ಬಟನ್ ಒತ್ತಿದ. ಕೆಳಗಿನ ಪೆಟ್ಟಿಗೆಯಲ್ಲಿ ಹೆಸರು ಪೂರ್ತಿ ಬಂತು, ಕೊನೆಯ ಒತ್ತಿನ ಸಮೇತ. ನಾನು ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ನೋಡಿದೆ.

"ಯಾರು ಸರ್ ಅದು, ಸಿದ್ದಲಿಂಗಮ್ಮ?" ಅಂತ ಕೇಳಿದ.